ಸಂಗವ್ವನೋ, ಗಂಗವ್ವನೋ?

ಊರಿನ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಹೇಳದಿದ್ದರೆ ಎಲ್ಲರೂ ಪಕ್ಕದೂರಿನ ಕತೆ ಅಂದುಕೊಂಡು ನಗುತ್ತಾರೆ. ನಗಲಿ.

ಆ ಊರಲ್ಲಿ ಕಾಶವ್ವ ಅಂತ ಒಬ್ಬಳು. ಅವಳಿಗೆ ಭರಮ ಅಂತ ಒಬ್ಬನೇ ಮಗ. ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಒಂದು ಎಮ್ಮೆ, ಉಣ್ಣುವುದಕ್ಕೆ ಸಾಲುವಷ್ಟು ಹೊಲ, ಮೈತುಂಬ ಕಸುವಿದ್ದ ಮಗ. ಏನು ಕಡಿಮೆ? ಭರಮ ಹೇಳಿದ ಕೆಲಸ ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ. ಕಾಶವ್ವನ ಗೋಳು ಅದೇ.

"ಎಮ್ಮೀ ಮ್ಯಾಲೆ ಒಂದು ಕಣ್ಣಿಡೋ" ಅಂತ ಹೇಳಿ ಅವಳು ಹೊಲಕ್ಕೆ ಹೋದಳು. ಸಂಜೆ ಬಂದು ನೋಡಿದರೆ ಭರಮ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದರಲ್ಲಿ ನೀರು ಸುರಿಸುತ್ತ ಎಮ್ಮೆಯ ಮುಂದೆ ಕೂತಿದ್ದ. ಎಮ್ಮೆ ಹಸಿದು ಒದರುತ್ತಿತ್ತು.

"ಮೇವರೆ ಹಾಕಬಾರದೇನೋ!"

"ಕಣ್ಣಿಡು ಅಂದಿ. ಮೇವು ಹಾಕು ಅನ್ನಲಿಲ್ಲ."

"ಅಯ್ಯ ನನ್ನ ಹಣೇಬರಾ!"

ಇಂಥವನಿಗೆ ಹೆಣ್ಣು ಹೇಗೆ ಸಿಕ್ಕಿತು ಅಂತ ಕೇಳಬಹುದು. ಹಳ್ಳದಾಚೆಯ ಊರಿಗೆ ಹೆಣ್ಣು ನೋಡಲು ಹೋದಾಗ ಕೂಡು ಅಂದರು, ಕೂತ. ಏಳು ಅಂದರು, ಎದ್ದ. ಬಾಯಿ ಮುಚ್ಚಿಕೊಂಡಿರು ಅಂತ ತಾಯಿ ಹೇಳಿದ್ದಳು, ಮುಚ್ಚಿಕೊಂಡೇ ಇದ್ದ. ಹೆಣ್ಣಿನ ತಾಯಿ ಫಕೀರವ್ವ ಇಂಥ ಗುಣವಂತನನ್ನು ಎಲ್ಲೂ ಕಂಡಿಲ್ಲ ಅಂದುಕೊಂಡು ಮಗಳು ನೀಲವ್ವನನ್ನು ಕೊಟ್ಟುಬಿಟ್ಟಳು. ನೀಲವ್ವ ಜಾಣೆ. ಈ ಗಂಡನಿಗೆ ಏನು ಹೇಳಬೇಕು, ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಬೇಗ ಕಲಿತುಕೊಂಡಳು. "ಎಮ್ಮಿಗೆ ನೀರು ಕುಡಸ್ರಿ, ಮೇವು ಹಾಕ್ರಿ, ಹಾಲು ಹಿಂಡ್ರಿ, ಹಾಲನ್ನ ಒಳಗ ತಂದು ಇಡ್ರಿ, ಇಟ್ಟ ಮ್ಯಾಲೆ ಮುಚ್ಚರಿ" ಅನ್ನುತ್ತಿದ್ದಳು. ಮನೆ ನಡೆಯಿತು. ಕಾಶವ್ವ ಉಸಿರು ಬಿಟ್ಟಳು.

ಅಷ್ಟರಲ್ಲಿ ನೀಲವ್ವ ಬಸುರಾದಳು, ತವರಿಗೆ ಹೋದಳು, ಹೆಣ್ಣು ಹಡೆದಳು. ಗೋಳು ಮತ್ತೆ ಕಾಶವ್ವನ ಕೊರಳಿಗೇ ಬಿತ್ತು.

ಆ ಸೀಮೆಯಲ್ಲಿ ಒಂದು ಪದ್ಧತಿ. ಹೆಸರಿಡದ ಕೂಸು ತಂದೆಯ ಮನೆಯ ಹೊಸ್ತಿಲು ದಾಟುವಂತಿಲ್ಲ. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿ ಕರೆ ಬರುವ ತನಕ ಗಂಡನ ತಾಯಿ ಕೂಸಿನ ಮುಖ ನೋಡಲು ಹೋಗುವಂತಿಲ್ಲ. ದಿನ ಗೊತ್ತುಮಾಡಬೇಕಾದರೆ ಹೆಸರು ಗೊತ್ತಾಗಬೇಕು. ಹೆಸರು ಗೊತ್ತಾಗುತ್ತಿರಲಿಲ್ಲ.

ಕಾಶವ್ವನಿಗೆ ಬೇಕಾದ ಹೆಸರು ಸಂಗವ್ವ. ಅದು ಅವಳ ಅತ್ತೆಯ ಹೆಸರು. ಆಟವಾಡುವ ವಯಸ್ಸಿಗೇ ಸೊಸೆಯಾಗಿ ಬಂದ ಕಾಶವ್ವನ ತಲೆ ಬಾಚಿ, ಹೇನು ಹೆಕ್ಕಿ, ತವರು ನೆನೆದು ಅತ್ತರೆ ಪಕ್ಕಕ್ಕೆ ಎಳೆದುಕೊಂಡು ಮಲಗಿಸಿದವಳು ಸಂಗವ್ವ. ಸಾಯುವಾಗಲೂ ಸೊಸೆಯ ಕೈ ಹಿಡಿದುಕೊಂಡೇ ಸತ್ತಳು. ಅವಳ ಹೆಸರು ಮನೆಯಲ್ಲಿ ಮತ್ತೆ ಕೇಳಬೇಕು, ಅಷ್ಟೇ ಕಾಶವ್ವನ ಆಸೆ.

ಫಕೀರವ್ವನಿಗೆ ಬೇಕಾದ ಹೆಸರು ಗಂಗವ್ವ. ಅದು ಅವಳನ್ನು ಹೆತ್ತ ತಾಯಿಯ ಹೆಸರು. ಅವಳ ಆಸೆಯೇನು ಕಡಿಮೆಯದೇ?

ಕಟ್ಟೆಯ ಮೇಲೆ ಕೂತ ಗುರುಪಾದಪ್ಪ ಅಂತ ಒಬ್ಬ ಮುದುಕ ನಕ್ಕೂ ನಕ್ಕೂ ಸಾಕಾದ. "ಕಾಶವ್ವಾ, ಹಿತ್ತಲದಾಗ ನಿಂತು ಕೂಗಿ ನೋಡು. ಸಂಗವ್ವ ಅಂದ್ರೂ ಅಷ್ಟ, ಗಂಗವ್ವ ಅಂದ್ರೂ ಅಷ್ಟ. ಅಂಗಳಕ್ಕ ಬರೂದ್ರಾಗ ಮೊದಲಿನ ಅಕ್ಷರ ಬಿದ್ದು ಹೋಗಿರತೈತಿ. ರೊಟ್ಟಿ ಬಿಸಿ ಇದ್ರ ಕೂಸು ಎರಡಕ್ಕೂ ಓಡಿ ಬರತೈತಿ."

"ಆ ಮೊದಲಿನ ಅಕ್ಷರದಾಗ ನಮ್ಮತ್ತಿ ಅದಾಳ, ಕಾಕಾ. ಅದನ್ನ ನಾ ಬಿಡಾಂಗಿಲ್ಲ."

ತಾನು ಹೋಗುವಂತಿಲ್ಲ. ಬೇರೆ ಯಾರಿದ್ದಾರೆ? ಭರಮನನ್ನೇ ಕರೆದಳು.

"ಭರಮಾ, ಬೀಗರ ಮನಿಗೆ ಹೋಗು. ಕೂಸಿಗೆ ಸಂಗವ್ವ ಅಂತ ಇಡಬೇಕಂತ ಹೇಳು. ದಾರ್ಯಾಗ ಮರೀತಿ ನೀನು! ಬಾಯಾಗ ಅದೊಂದ ಹೆಸರು ಇರ್ಲಿ. ಬ್ಯಾರೆ ಮಾತ ಬರಬಾರ್ದು ಮತ್ತ!"

"ಬರಂಗಿಲ್ಲ ಯವ್ವಾ."

ಹೋದವನು ಮಧ್ಯಾಹ್ನ ದಾಟಿದ ಮೇಲೆ ಬಂದ. ತುಟಿ ಒಣಗಿತ್ತು, ಹೊಟ್ಟೆ ಬೆನ್ನಿಗೆ ಹತ್ತಿತ್ತು, ಅಂಗಿ ಒದ್ದೆಯಾಗಿತ್ತು. ಭರಮ ಹೇಳಿದ್ದು ಅಷ್ಟು, ಹಳ್ಳದಾಚೆಯಿಂದ ಬಂದವರು ನಗುತ್ತ ಹೇಳಿದ್ದು ಇಷ್ಟು. ಎರಡನ್ನೂ ಕೂಡಿಸಿ ಕಾಶವ್ವ ನಡೆದದ್ದನ್ನು ತಿಳಿದುಕೊಂಡಳು.

ಭರಮ ಸಂಗವ್ವ, ಸಂಗವ್ವ, ಸಂಗವ್ವ ಅನ್ನುತ್ತ ಹಳ್ಳಕ್ಕಿಳಿದ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬಳ ಹೆಸರೂ ಸಂಗವ್ವ. "ಯಾರೋ ನೀನು, ನನ್ನ ಹೆಸರು ಹಿಡದು ಕರಿಯಾಂವ?" ಅಂದಳು. "ಸಂಗವ್ವ" ಅಂದ. "ಏನ ಬೇಕೋ?" ಅಂದಳು. "ಸಂಗವ್ವ" ಅಂದ. ಒದ್ದೆ ಸೀರೆಯ ಹೊಡೆತ ಬೆನ್ನಿಗೆ ಬಿತ್ತು. ಬೀಗರ ಮನೆ ಮುಟ್ಟಿದ.

"ಬರ್ರಿ ಅಳ್ಯಾರ, ಆರಾಮದೀರಿ?" ಅಂದಳು ಫಕೀರವ್ವ.

"ಸಂಗವ್ವ."

"ನಿಮ್ಮ ಅವ್ವಾರು ಆರಾಮದಾರ?"

"ಸಂಗವ್ವ."

"ನೀರು ಕೊಡ್ಲೇನ್ರಿ?"

"ಸಂಗವ್ವ."

"ಉಣ್ಣಾಕ ಏಳ್ರಿ."

"ಸಂಗವ್ವ!"

ಫಕೀರವ್ವ ಎದ್ದು ನಿಂತಳು. ನೀರು ಕೇಳಿದರೂ ಸಂಗವ್ವ, ಊಟ ಕೇಳಿದರೂ ಸಂಗವ್ವ! ಇಷ್ಟು ಸೊಕ್ಕೇ ಆ ಮನೆಯವರಿಗೆ? "ಹೋಗಿ ನಿಮ್ಮ ಅವ್ವಾರಿಗೆ ಹೇಳ್ರಿ, ಗಂಗವ್ವ! ಇಟ್ರ ಗಂಗವ್ವ, ಇಲ್ಲಂದ್ರ ಇಲ್ಲ!"

ಕಾಶವ್ವ ಹಣೆ ಹಣೆ ಬಡಿದುಕೊಂಡಳು. "ಎಲ್ಲ್ಯರೆ ಇಂಥಾ ಪೆದ್ದ ಇರ್ತಾನ! ಬೀಗರ ಮನ್ಯಾಗ ಹಂಗಲ್ಲೋ. ನಗನಗತಾ ಇರಬೇಕು. ಅವರು ಏನ ಅಂದ್ರೂ 'ಹೂಂ, ಆಗ್ಲಿ' ಅನಬೇಕು. ಹಂಗ ಅಂದ್ರ ಅವರಿಗೂ ನಮ್ಮ ಮ್ಯಾಲೆ ಕರಳು ಕರಗತೈತಿ. ತಿಳೀತೇನು?"

"ಹೂಂ, ಆಗ್ಲಿ" ಅಂದ ಭರಮ.

"ನನಗಲ್ಲೋ! ಅಲ್ಲಿ ಹೋಗಿ ಅನ್ನು!"

ಮತ್ತೆ ಹೋದ. ಈ ಸಲ ಬೇಗ ಬಂದ. ಬಾಯಲ್ಲಿ ಎಲೆಯಡಿಕೆ, ಮೀಸೆಗೆ ತುಪ್ಪ, ಮುಖದ ತುಂಬ ನಗು. ಹೋಳಿಗೆ ಉಂಡು ಬಂದಿದ್ದ. ಕಾಶವ್ವನ ಜೀವಕ್ಕೆ ಹಾಯೆನಿಸಿತು. ಆದರೆ ಭರಮನ ಹಿಂದೆ ಒಬ್ಬ ಮನುಷ್ಯ ಹಗ್ಗ ಹಿಡಿದುಕೊಂಡು ಬಂದಿದ್ದ. ಬಂದವನು ರಾಮರಾಮ ಅಂದ, ನೆಟ್ಟಗೆ ಕೊಟ್ಟಿಗೆಗೆ ಹೋದ, ಎಮ್ಮೆಯನ್ನು ಬಿಚ್ಚತೊಡಗಿದ.

"ಏ ಯಪ್ಪಾ! ಯಾರ ನೀನು? ಎಮ್ಮಿ ಯಾಕ ಬಿಚ್ಚಾಕತ್ತಿ?"

"ನಾನು ನಿಮ್ಮ ಬೀಗರ ಬಾಜೂ ಮನ್ಯಾಂವ್ರೀ. ನಿಮ್ಮ ಎಮ್ಮಿ ನನಗ ಕೊಡ್ತೀರೇನ್ರೀ ಅಂತ ನಗಿ ಮಾಡಾಕ ಕೇಳಿದೆ. 'ಹೂಂ, ಆಗ್ಲಿ' ಅಂದ್ರು ನಿಮ್ಮ ಮಗಾ. ಬಿಟ್ರ ಪಾಪ ಅಂತ ಬಂದೆ."

ಕಾಶವ್ವ ಎಮ್ಮೆಯ ಕೊರಳು ತಬ್ಬಿಕೊಂಡು ನಿಂತಳು. ಬೈದಳು, ಬೇಡಿದಳು, ಒಂದು ಚರಿಗೆ ಮಜ್ಜಿಗೆ ಕುಡಿಸಿ ಆ ಮನುಷ್ಯನನ್ನು ಕಳಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಮತ್ತೇನ ಕೇಳಿದ್ರೋ ಅಲ್ಲಿ?"

"ಕೂಸಿಗೆ ಗಂಗವ್ವ ಅಂತ ಇಡೂಣೇನು ಅಂದ್ರು."

"ನೀ ಏನಂದಿ?"

"ಹೂಂ, ಆಗ್ಲಿ."

"ಅಯ್ಯಯ್ಯೋ!"

"ನಿಮ್ಮವ್ವ ಭಾಳ ಹಟಮಾರಿ ಹೌದಲ್ಲೋ ಅಂದ್ರು. ಹೂಂ, ಆಗ್ಲಿ ಅಂದೆ. ಮತ್ತ ಹೋಳಿಗಿ ಹಾಕಿದ್ರು."

ಕಾಶವ್ವ ಅಂದು ಒಲೆ ಹೊತ್ತಿಸಲಿಲ್ಲ. ಹೆಸರು ಹೋಯಿತು, ಎಮ್ಮೆ ಹೋಗುವುದರಲ್ಲಿತ್ತು, ಮಾನವಂತೂ ಉಳಿದಿರಲಿಲ್ಲ. ಹಳ್ಳದ ಆ ಕಡೆ ಗಂಗವ್ವ ಅಂತ ಹೇಳಿ ಬೆಲ್ಲ ಹಂಚಿದರಂತೆ. ಮರುದಿನವೇ ಅದೇನೂ ನಡೆಯುವುದಿಲ್ಲ, ಮಗ ಹೇಳಿದ್ದು ತಾಯಿಯ ಮಾತಲ್ಲ ಅಂತ ಕಾಶವ್ವ ಹೇಳಿಕಳಿಸಿದಳು. ಆ ಕಡೆಯವರು ಬೆಲ್ಲ ಹಂಚಿ ಕೆಟ್ಟೆವು ಅಂದರು. ಮಾತಿಗೆ ಮಾತು ಬೆಳೆಯಿತು. ತಿಂಗಳು ತುಂಬಿತು. ಕೂಸು ನಗತೊಡಗಿದೆ ಅಂತ ಹೋಗಿ ಬಂದವರು ಹೇಳಿದರು. ಮೊಮ್ಮಗಳು ನಗುತ್ತಾಳೆ, ಅಜ್ಜಿ ನೋಡಿಲ್ಲ.

"ಭರಮಾ, ಇತ್ತ ಬಾ."

"ಬಂದೆ ಯವ್ವಾ."

"ನಮ್ಮ ಮಾತು ಬಿಟ್ಟುಕೊಡಬಾರ್ದೋ! ಗಟ್ಟಿ ಹಿಡೀಬೇಕು. ಈ ಸಲ ಅವರು ಏನ ಅಂದ್ರೂ 'ಇಲ್ಲ, ಆಗಂಗಿಲ್ಲ' ಅನ್ನು. ಸಕ್ಕರಿ ಹಾಕಿ ಕೇಳ್ತಾರ, ಅತ್ತು ಕೇಳ್ತಾರ, ಜಗ್ಗಬ್ಯಾಡ! ಇಲ್ಲ, ಆಗಂಗಿಲ್ಲ!"

"ಜಗ್ಗಂಗಿಲ್ಲ ಯವ್ವಾ."

ಹೊರಟ. ಕಾಶವ್ವ ಬಾಗಿಲಲ್ಲಿ ಕೂತಳು. ನೆರಳು ಉದ್ದವಾಯಿತು. ಭರಮ ಬಂದ. ಈ ಸಲ ಮುಖದಲ್ಲಿ ನಗುವಿಲ್ಲ. ಬಂದವನು ಜಗುಲಿಯ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಏನಾತೋ?"

"ಜಗ್ಗಲಿಲ್ಲ ಯವ್ವಾ."

"ಶಾಣ್ಯಾ! ಏನಂದ್ರು?"

"ಗಂಗವ್ವ ಅಂತ ಇಡೂಣೇನು ಅಂದ್ರು. ಇಲ್ಲ, ಆಗಂಗಿಲ್ಲ ಅಂದೆ."

"ನನ್ನ ಮಗ ನೀನು! ಆಮ್ಯಾಲೆ?"

"ನೀಲವ್ವ ಅತ್ತು ಅತ್ತು ಅವರವ್ವನ್ನ ಒಪ್ಪಿಸಿದ್ದಳಂತ. ಅತ್ತಿ ಕಣ್ಣ ಒರಸಿಕೊಂಡು, 'ಆತು ಅಳ್ಯಾರ, ನಿಮ್ಮ ಅವ್ವಾರ ಮಾತೇ ಆಗ್ಲಿ, ಸಂಗವ್ವ ಅಂತನೇ ಇಡೂಣು' ಅಂದ್ರು."

ಕಾಶವ್ವ ಅರ್ಧ ಎದ್ದಳು. "ಒಪ್ಪಿದ್ರೂ? ಸಂಗವ್ವಗ ಒಪ್ಪಿದ್ರೇನೋ!"

"ಒಪ್ಪಿದ್ರು. ನಾ ಬಿಡಲಿಲ್ಲ. ಇಲ್ಲ, ಆಗಂಗಿಲ್ಲ ಅಂದೆ."

ಕಾಶವ್ವ ಹಾಗೆಯೇ ಕೂತಳು.

"ಆಮ್ಯಾಲೆ ನೀಲವ್ವ ಕೂಸನ್ನ ತಂದಳು. ಎತ್ತಿಕೊಳ್ರಿ, ನಿಮ್ಮ ಮಗಳು ಅಂದಳು. ಕೂಸು ನನ್ನ ಕಡೆ ನೋಡಿ ನಕ್ಕಿತು ಯವ್ವಾ. ನನಗ ಎತ್ತಿಕೋಬೇಕು ಅನಿಸಿತು. ಕೈ ತಾವ ಮುಂದ ಹೋಗಾಕತ್ತಿದ್ವು. ಅದಕ್ಕ ತೊಡಿ ಕೆಳಗ ಇಟ್ಟುಕೊಂಡೆ. ಇಲ್ಲ, ಆಗಂಗಿಲ್ಲ ಅಂದೆ. ನೀಲವ್ವ ಒಳಗ ಹ್ವಾದಳು, ಮತ್ತ ಬರಲಿಲ್ಲ."

ದೊಡ್ಡ ಆಳು ಗೊಳೋ ಅಂತ ಅತ್ತುಬಿಟ್ಟ. ಕಾಶವ್ವನಿಗೂ ಅಳು ಬಂತು. ಮಗನ ಮೇಲೆ ಸಿಟ್ಟು, ತನ್ನ ಮೇಲೆ ಸಿಟ್ಟು, ಬೀಗತಿಯ ಮೇಲೂ ಒಂದಿಷ್ಟು ಸಿಟ್ಟು. ಆದರೂ ಹೆಸರು ಬಿಟ್ಟುಬಿಡೋಣ ಅಂತ ಮಾತ್ರ ಅನ್ನಿಸಲಿಲ್ಲ. ಒಪ್ಪಿದ್ದರಂತಲ್ಲ! ಒಂದು ಸಲ ಒಪ್ಪಿದವರು ಇನ್ನೊಂದು ಸಲ ಒಪ್ಪಲಿಕ್ಕಿಲ್ಲವೇ?

ಒಪ್ಪಲಿಲ್ಲ. ಫಕೀರವ್ವ ಮತ್ತೆ ಬಿಗಿಯಾದಳು. ಇಳಿದು ಬಂದರೆ ಒದ್ದರು ಅಂತ ಊರೆಲ್ಲ ಹೇಳಿಕೊಂಡು ಬಂದಳು. ಕೊನೆಗೆ ಎರಡೂರಿನ ಹಿರಿಯರಿಗೆ ಬೇಸರ ಬಂದು ಒಂದು ತೀರ್ಮಾನ ಮಾಡಿದರು. ಕೂಸನ್ನು ತೊಟ್ಟಿಲಿಗೆ ಹಾಕಿಬಿಡುವುದು. ಕಿವಿಯಲ್ಲಿ ಯಾವ ಹೆಸರು ಬೀಳುತ್ತದೋ ಅದೇ ಹೆಸರು. ಮುಂದೆ ಯಾರೂ ತಕರಾರು ಎತ್ತಬಾರದು.

ಕಿವಿಯಲ್ಲಿ ಹೆಸರು ಹೇಳಬೇಕಾದವಳು ಕೂಸಿನ ಸೋದರತ್ತೆ. ಭರಮನಿಗೆ ಅಕ್ಕತಂಗಿಯರಿಲ್ಲ. ಬೇರೆ ಯಾರನ್ನು ಕೂಡಿಸಿದರೂ ಒಂದು ಕಡೆಯವರಿಗೆ ಅನುಮಾನ. ಆಗ ತೊಟ್ಟಿಲ ಕಾರ್ಯ ನಡೆಸುವ ನಿಂಬೆವ್ವಜ್ಜಿ ಹೇಳಿದಳು, "ಭರಮನ್ನ ಕೂಡಸ್ರಿ. ತಲಿ ಮ್ಯಾಲೆ ಒಂದು ಸೆರಗು ಹಾಕಿದ್ರ ಅತ್ತಿ ಆದ. ಅವಗ ಮೋಸ ಮಾಡಾಕ ಬರಂಗಿಲ್ಲ."

ಕಾಶವ್ವ ಒಳಗೊಳಗೇ ಹಿಗ್ಗಿದಳು. ಅವನಿಗೆ ಮೋಸ ಬರುವುದಿಲ್ಲ, ಹೇಳಿದ್ದನ್ನು ಮಾಡುವುದು ಬರುತ್ತದೆ! ಫಕೀರವ್ವ ಕೂಡ ಇದನ್ನೇ ಯೋಚಿಸಿ ಒಳಗೊಳಗೇ ಹಿಗ್ಗಿದ್ದಳು ಅನ್ನುವುದು ಅವಳಿಗೆ ಹೊಳೆಯಲಿಲ್ಲ.

ತೊಟ್ಟಿಲ ದಿನ ಹಳ್ಳ ದಾಟುವಾಗ ಕಾಶವ್ವ ಮಗನಿಗೆ ಬುದ್ಧಿ ಹೇಳಿದಳು.

"ಭರಮಾ, ಇನ್ನ ಹೂಂ ಬ್ಯಾಡ, ಇಲ್ಲನೂ ಬ್ಯಾಡ. ಹಿರೇರು ಹೇಳಿದ್ದನ್ನ ಒಂದೂ ಬಿಡದಂಗ ಮಾಡು, ಸಾಕು. ತೊಟ್ಟಲದಾಗ ಇಟ್ಟ ಕೂಡ್ಲೆ, ಹಾಡು ಶುರು ಆಗೂದ್ರಾಗ, ಇನ್ನೊಬ್ಬರು ಬಾಯಿ ತಗಿಯೂದ್ರಾಗ, ಬಗ್ಗಿ ಕಿವ್ಯಾಗ ಸಂಗವ್ವ ಅನ್ನು. ಇಟ್ಟ ಕೂಡ್ಲೆ! ತಡಾ ಮಾಡಬ್ಯಾಡ!"

"ಇಟ್ಟ ಕೂಡ್ಲೆ ಅಂತೀನಿ ಯವ್ವಾ."

ಬೀಗರ ಪಡಸಾಲೆ ತುಂಬ ಹೆಂಗಸರು. ತೊಲೆಗೆ ತೊಟ್ಟಿಲು ಕಟ್ಟಿದ್ದರು. ಒಳಗೆ ಗುಗ್ಗರಿ ಬೇಯುವ ವಾಸನೆ. ಗಂಡ ಸತ್ತವಳು ತೊಟ್ಟಿಲ ಹತ್ತಿರ ಹೋಗುವಂತಿಲ್ಲ ಅಂತ ಕಾಶವ್ವ ದೂರ ಕಂಬಕ್ಕೆ ಆತು ನಿಂತಳು. ಭರಮ ತಲೆಯ ಮೇಲೆ ಹಸಿರು ಸೆರಗು ಹೊದ್ದು ತೊಟ್ಟಿಲ ಪಕ್ಕ ಕೂತಿದ್ದ. ಮೀಸೆಯ ಅತ್ತೆಯನ್ನು ನೋಡಿ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವನ ಬೆನ್ನ ಹಿಂದೆ ಐದಾರು ಗಟ್ಟಿ ಹೆಂಗಸರು ಮುಷ್ಟಿ ಕಟ್ಟಿ ನಿಂತಿದ್ದರು. ಹೆಸರು ಹೇಳಿದವಳ ಬೆನ್ನಿಗೆ ಗುದ್ದುವುದು ಅಲ್ಲಿಯ ರೂಢಿ. ಗುದ್ದು ಬಿತ್ತು ಅಂದರೆ ಹೆಸರು ಬಿತ್ತು.

ಇನ್ನೊಂದು ರೂಢಿಯೂ ಇತ್ತು. ಕೂಸನ್ನು ಹಾಕುವ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಅರಿವೆ ಸುತ್ತಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಅಂತ. ಕಲ್ಲನ್ನು ತೂಗಿ, ಎತ್ತಿ ಆಚೆ ಇಟ್ಟು, ಆಮೇಲೆ ಕೂಸು. ಇದು ಕಾಶವ್ವನಿಗೆ ಗೊತ್ತಿರದ ವಿಷಯವೇನಲ್ಲ. ಹೆಸರಿನ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು.

ಒಬ್ಬಳು ಅರಿವೆ ಸುತ್ತಿದ ಕಲ್ಲನ್ನು ತಂದು ತೊಟ್ಟಿಲಲ್ಲಿ ಇಟ್ಟಳು.

ಇಟ್ಟ ಕೂಡಲೇ ಭರಮ ಬಗ್ಗಿದ. ಅರಿವೆ ಸರಿಸಿ ಕಿವಿ ಹುಡುಕಿದ. ಸಿಗಲಿಲ್ಲ. ಬಿಡಬಾರದು ಅಂತ ಎರಡೂ ಕಡೆ ಬಾಯಿಟ್ಟು, ಕಂಬದ ಹತ್ತಿರ ನಿಂತ ತಾಯಿಗೂ ಕೇಳುವ ಹಾಗೆ ಕೂಗಿದ.

"ಸಂಗವ್ವಾ! ಸಂಗವ್ವಾ!"

ಮುಷ್ಟಿ ಕಟ್ಟಿ ನಿಂತವರಿಗೆ ಯೋಚಿಸಲು ಪುರುಸೊತ್ತೆಲ್ಲಿ? ಹೆಸರು ಕಿವಿಗೆ ಬಿದ್ದದ್ದೇ ತಡ, ಧಬಧಬ ಗುದ್ದಿಯೇ ಗುದ್ದಿದರು.

"ಏ! ಏ! ಕಲ್ಲಿಗೆ ಹೆಸರಿಟ್ನಲ್ಲೇ!" ಅಂತ ಒಬ್ಬಳು ಚೀರಿದಳು. "ಕಲ್ಲಾತು ಸಂಗವ್ವ!" ಅಂತ ಇನ್ನೊಬ್ಬಳು ಹೊಟ್ಟೆ ಹಿಡಿದುಕೊಂಡಳು. ಕಾಶವ್ವ ಕಂಬ ಬಿಟ್ಟು ಮುಂದೆ ಬಂದಳು. "ಅದಲ್ಲೋ! ಅದಲ್ಲ! ಕೂಸಿಗೋ!"

ಆ ಗದ್ದಲದಲ್ಲೇ ಕಲ್ಲು ಆಚೆ ಹೋಯಿತು, ಕೂಸು ತೊಟ್ಟಿಲಿಗೆ ಬಂತು, ಜೋಗುಳ ಶುರುವಾಯಿತು, ಮುಗಿಯಿತು. ಭರಮ ಸೆರಗು ಸರಿಮಾಡಿಕೊಂಡು ಮತ್ತೆ ಬಗ್ಗಿದ. ಈ ಸಲ ಕಿವಿ ಸಿಕ್ಕಿತು.

"ಗಂಗವ್ವಾ" ಅಂದ.

ಧಬಧಬ ಗುದ್ದು ಬಿದ್ದವು.

ಕಾಶವ್ವ ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಯಾರ ಹೇಳಿದ್ರೋ ನಿನಗ ಗಂಗವ್ವ ಅನ್ನಾಕ?"

"ಅತ್ತಿ ಹೇಳಿದ್ರು. ಹಾಡು ಮುಗದ ಮ್ಯಾಲೆ ಗಂಗವ್ವ ಅನ್ರಿ ಅಂದ್ರು. ಇಟ್ಟ ಕೂಡ್ಲೆ ಸಂಗವ್ವ ಅನ್ನು ಅಂತ ನೀ ಅಂದಿ. ಹಿರೇರು ಹೇಳಿದ್ದನ್ನ ಒಂದೂ ಬಿಡಬ್ಯಾಡ ಅಂದಿದ್ದಿ. ಒಂದೂ ಬಿಟ್ಟಿಲ್ಲ!"

"ಇನ್ನೊಮ್ಮೆ ಹೇಳಸ್ರಿ! ಸಂಗವ್ವ ಅಂತ ಹೇಳಸ್ರಿ!"

ನಿಂಬೆವ್ವಜ್ಜಿ ಕೈ ಅಡ್ಡ ಮಾಡಿದಳು. "ಇಲ್ಲ ತಂಗಿ. ಹೆಸರು ಬಿತ್ತು, ಗುದ್ದು ಬಿತ್ತು. ಒಂದ ತೊಟ್ಟಲದಾಗ ಒಂದ ಹೆಸರು ಇಬ್ಬರಿಗೆ ಇಡಾಕ ಬರಂಗಿಲ್ಲ. ಸಂಗವ್ವ ಆಕಿ, ಗಂಗವ್ವ ಈಕಿ. ಗುಗ್ಗರಿ ಹಂಚ್ರಿ."

ಎಲ್ಲರೂ ಗುಗ್ಗರಿ ತಿಂದರು. ಕಾಶವ್ವ ತಿನ್ನಲಿಲ್ಲ. ನೀಲವ್ವ ಕೂಸನ್ನು ಎತ್ತಿಕೊಂಡು ಅತ್ತೆಯ ಹತ್ತಿರ ಬಂದಳು. "ಎತ್ತಿಕೊಳ್ರಿ ಅತ್ತಿ. ಇವತ್ತ ನಿಮ್ಮ ಹಿಂದ ಬರ್ತೀವಿ, ಗಂಟು ಕಟ್ಟಿ ಇಟ್ಟೀನಿ" ಅಂದಳು. ಕಾಶವ್ವ ಮುಖ ತಿರುವಿದಳು. ಕೂಸಿನ ಕಡೆ ನೋಡಲೇ ಇಲ್ಲ. ನೋಡಿದರೆ ಸೋಲುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ಸೆರಗು ಜಾಡಿಸಿಕೊಂಡು ಅಂಗಳಕ್ಕೆ ಇಳಿದಳು. ಭರಮ ಹಿಂದೆ ಓಡಿ ಬಂದ.

"ನಾ ಏನ ಮಾಡ್ಲಿ ಯವ್ವಾ?"

"ಏನರೆ ಮಾಡು! ನನಗ ಗಂಗವ್ವ ಬ್ಯಾಡ! ನನ್ನ ಮನಿ ಹೊಸ್ತಿಲಾ ತುಳದ್ರ ಸಂಗವ್ವ ತುಳೀಬೇಕು. ಸಂಗವ್ವನ್ನ ಕರಕೊಂಡು ಬಂದ್ರ ಬಾ, ಇಲ್ಲಂದ್ರ ನೀನೂ ಅಲ್ಲೇ ಇರು!"

ಅಂದು ಒಬ್ಬಳೇ ಹಳ್ಳ ದಾಟಿದಳು.

ದಾರಿಯಲ್ಲಿ ಅರ್ಧ ಸಿಟ್ಟು ಇಳಿಯಿತು. ಮನೆ ಮುಟ್ಟುವುದರಲ್ಲಿ ಉಳಿದರ್ಧವೂ ಇಳಿಯಿತು. ಮನೆಯಲ್ಲಿ ಸದ್ದಿಲ್ಲ. ಕೌದಿ ಹಾಸಿ ಇಟ್ಟಿದ್ದಳು, ಕೂಸಿಗೆ. ಎಣ್ಣೆ ಕಾಸಿ ಇಟ್ಟಿದ್ದಳು, ಕೂಸಿಗೆ. ಕಾಶವ್ವ ಎಣ್ಣೆಯ ಬಟ್ಟಲ ಮುಂದೆ ಕೂತು ಬಹಳ ಹೊತ್ತು ಯೋಚಿಸಿದಳು. ಹೆಸರಿಗೆ ಎಣ್ಣೆ ಹಚ್ಚಲಾಗುತ್ತದೆಯೇ? ಹೆಸರಿಗೆ ನೀರು ಹಾಕಲಾಗುತ್ತದೆಯೇ? ಅತ್ತೆ ತನ್ನನ್ನು ಪಕ್ಕಕ್ಕೆ ಎಳೆದುಕೊಂಡು ಮಲಗಿಸಿದಾಗ ಹೆಸರು ಕೇಳಿ ಮಲಗಿಸಿದ್ದಳೇ? ತಾನೆಂಥ ಹುಚ್ಚಿ! ಎದುರಿಗೆ ತಂದು ಹಿಡಿದ ಕೂಸನ್ನು ನೋಡದೆ ಬಂದಳಲ್ಲ!

ಎದ್ದು ಹೋಗಿ ತಾನೇ ಕರೆದುಕೊಂಡು ಬರಬೇಕು ಅಂತ ಸೆರಗು ಸಿಕ್ಕಿಸಿಕೊಂಡಳು. ಬಾಗಿಲಿಗೆ ಬಂದು ನೋಡಿದರೆ ದಾರಿಯಲ್ಲಿ ಭರಮ ಬರುತ್ತಿದ್ದ. ಎದೆಗೆ ಒಂದು ಗಂಟನ್ನು ಅವಚಿಕೊಂಡಿದ್ದ. ಬಿಸಿಲು ಬೀಳಬಾರದು ಅಂತ ತನ್ನ ತಲೆಯ ರುಮಾಲು ಬಿಚ್ಚಿ ಗಂಟಿಗೆ ಹೊದಿಸಿದ್ದ. ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ಮೆತ್ತಗೆ ಬರುತ್ತಿದ್ದ. ಎಂದೂ ಅಷ್ಟು ಹುಷಾರಾಗಿ ಅವನು ಯಾವುದನ್ನೂ ಹಿಡಿದವನಲ್ಲ.

ಕಾಶವ್ವನ ಕಣ್ಣು ತುಂಬಿದವು. ಒಳಗೆ ಓಡಿದಳು. ರೊಟ್ಟಿಯ ಚೂರು ತಂದಳು, ತಂಬಿಗೆಯಲ್ಲಿ ನೀರು ತಂದಳು. ಭರಮ ಹೊಸ್ತಿಲ ಮುಂದೆ ನಿಂತ. ಕಾಶವ್ವ ಗಂಟಿನ ಸುತ್ತ ರೊಟ್ಟಿ ನಿವಾಳಿಸಿ ಚೆಲ್ಲಿದಳು, ನೀರು ನಿವಾಳಿಸಿ ಚೆಲ್ಲಿದಳು. ದೃಷ್ಟಿಯೆಲ್ಲ ಹೋಗಲಿ ಅಂದಳು. ಎರಡೂ ಕೈ ಚಾಚಿದಳು.

"ಬಾ ನನ್ನವ್ವಾ. ಬಾ ನನ್ನ ಗಂಗವ್ವಾ."

ಭರಮ ಗಂಟನ್ನು ಹಿಂದಕ್ಕೆ ಎಳೆದುಕೊಂಡ.

"ಗಂಗವ್ವ ಅಲ್ಲ ಯವ್ವಾ! ಗಂಗವ್ವ ಬರ್ತೀನಿ ಅಂತ ನೀಲವ್ವನ ಬಗಲಾಗ ತಯಾರಾಗಿ ಕುಂತಿದ್ದಳು. ನೀ ಬ್ಯಾಡ ಅಂದಿದ್ದಿ, ಬಿಟ್ಟು ಬಂದೆ. ಸಂಗವ್ವನ್ನ ಕರಕೊಂಡು ಬಂದೀನಿ. ಅತ್ತಿ ಚಟ್ನಿ ಅರಿಯಾಕ ಬೇಕು ಕೊಡ್ರಿ ಅಂತ ಹಳ್ಳದ ತನಕಾ ಬೆನ್ನ ಹತ್ತಿದ್ರು. ನಾ ಕೊಡಲಿಲ್ಲ."

ಹೀಗೆಂದು ಚಾಚಿದ್ದ ಆ ಎರಡು ಕೈಗಳಲ್ಲಿ ಗುಂಡುಕಲ್ಲನ್ನು ಇಟ್ಟ. ಕಾಶವ್ವ ಭಾರಕ್ಕೆ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

"ಸವಕಾಶ ಯವ್ವಾ, ಸವಕಾಶ!" ಅಂತ ಭರಮ ಗಾಬರಿಯಾಗಿ ಬಗ್ಗಿದ. "ಕೆಳಗ ಕೈ ಕೊಟ್ಟ ಹಿಡಿ. ಕುತ್ತಿಗಿ ಇನ್ನಾ ನಿಂತಿಲ್ಲ."